ಕಾದಂಬರಿಯಲ್ಲಿ ಸನ್ನಿವೇಶ

ಸನ್ನಿವೇಶವನ್ನು ಕಟ್ಟುವ ಕಥೆಗಾರನು ಕೇಳುವವರ ಸಹನೆಯನ್ನು ಮರೆಯಬಾರದೆಂಬ ಅರಿವು ನಮ್ಮ ಕಾದಂಬರಿಯ ಬಾಲ್ಯದಲ್ಲಿಯೇ ಕನ್ನಡದಲ್ಲಿದ್ದಿತು. ಮುದ್ದಣನ (1870–1901) ‘ಶ್ರೀರಾಮಾಶ್ವಮೇಧ’ದಲ್ಲಿ ಅವನ ಮಡದಿ ಮನೋರಮೆಯು ಸುಮ್ಮನೆ ಕುಳಿತು ಕೇಳುವವಳಲ್ಲ. ಪದ್ಯ ಬೇಡವೆನ್ನುತ್ತಾಳೆ, ಸಂಸ್ಕೃತದ ಬಿಗುವನ್ನು ಆಕ್ಷೇಪಿಸುತ್ತಾಳೆ, ನಡುನಡುವೆ ಕಥೆಯನ್ನೇ ತಡೆಯುತ್ತಾಳೆ. ಯಾಗದ ಕುದುರೆಗಿಂತ ಈ ದಂಪತಿಗಳ ಸಲ್ಲಾಪವೇ ನಮ್ಮ ನೆನಪಿನಲ್ಲಿ ನಿಂತಿರುವುದು ಆಶ್ಚರ್ಯವಲ್ಲ. (ಬಾನುಲಿಯ ಶ್ರೋತೃಗಳಿಗೆ ಆಕೆಯ ಸ್ವಾತಂತ್ರ್ಯವಿಲ್ಲ, ಪಾಪ!)

1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ಬಾಲವಿಧವೆಯೊಬ್ಬಳ ಕಥೆ. ಅಲ್ಲಿ ಪಾತ್ರಗಳು ತಾವೇ ಮಾತನಾಡುವೆಡೆ ಮನೆಯೊಳಗಿನ ಕಪಟವು ಕಣ್ಣಿಗೆ ಕಟ್ಟುತ್ತದೆ. ಗ್ರಂಥಕರ್ತರು ಧರ್ಮಬೋಧೆಗೆ ತೊಡಗಿದೆಡೆ ಮಸುಕಾಗುತ್ತದೆ.

ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ಬೋಧೆಯ ಈ ಹೊರೆ ಇಳಿಯಿತು. ಚೋಮನಿಗೆ ಎತ್ತುಗಳುಂಟು, ಉಳಲು ನೆಲವಿಲ್ಲ. ಅಸ್ಪೃಶ್ಯನಿಗೆ ಬೇಸಾಯ ಸಲ್ಲದೆಂಬುದು ಊರಿನ ಕಟ್ಟು. ಈ ಅನ್ಯಾಯವನ್ನು ಉಪನ್ಯಾಸದ ಧಾಟಿಯಲ್ಲಿ ತಿಳಿಸಿದ್ದರೆ ನಾವು ತಲೆದೂಗಿ ಮರೆತುಬಿಡುತ್ತಿದ್ದೆವು. ಕಾರಂತರು ಹಾಗೆ ಮಾಡದೆ ಅವನ ಕೈಗೆ ದುಡಿಯನ್ನು ಕೊಟ್ಟರು. ಹರ್ಷವಾಗಲಿ, ಸಂಕಟವಾಗಲಿ, ಅವನು ಬಾರಿಸುವುದು ಅದನ್ನೇ. ಆದುದರಿಂದ ಕಡೆಯಲ್ಲಿ ಅವನು ದುಡಿಯನ್ನು ಬಾರಿಸುತ್ತಲೇ ಪ್ರಾಣಬಿಡುವಾಗ ಲೇಖಕರ ವಿವರಣೆಯೊಂದೂ ಬೇಕಾಗುವುದಿಲ್ಲ. ಆ ಸದ್ದಿನ ಅರ್ಥವನ್ನು ನಾವು ಹಿಂದಿನ ಪುಟಗಳಲ್ಲಿಯೇ ಕಲಿತಿರುತ್ತೇವೆ.