ನೆತ್ತರಿನ ಹೆಪ್ಪು ಮತ್ತು ಅದರ ಮುನ್ನರಿವು

ಗಾಯದಿಂದ ಹೊರಹರಿದ ನೆತ್ತರು ಹೆಪ್ಪುಗಟ್ಟುವುದು ಪ್ರಾಣರಕ್ಷಕವಾದ ಗುಣ. ಸಿರೆಯೊಳಗೇ ಹೆಪ್ಪುಗಟ್ಟಿದರೆ ಅದೇ ಪ್ರಾಣಹಾರಿ. ಜ್ವರ, ಹೃದ್ರೋಗ ಮೊದಲಾದ ಕಾಯಿಲೆಗಳಿಗಾಗಿ ಆಸ್ಪತ್ರೆಯಲ್ಲಿ ಮಲಗಿದವರಲ್ಲಿ ಈ ವಿಪತ್ತು ಯಾರಿಗೆ ಒದಗೀತೆಂದು ಮುಂಚಿತವಾಗಿ ಅರಿಯುವ ಪ್ರಯತ್ನಕ್ಕೆ ದೀರ್ಘವಾದ ಪೂರ್ವಚರಿತ್ರೆಯುಂಟು.

ಮೊದಲಿಗೆ ಈ ಜ್ಞಾನವು ಮರಣಾನಂತರ ದೊರೆಯುವಂಥದಾಗಿದ್ದಿತು. ಪುಪ್ಪುಸದ ಧಮನಿಯಲ್ಲಿ ಕಾಣುವ ಹೆಪ್ಪು ಅನೇಕವೇಳೆ ಅಲ್ಲಿಯೇ ಹುಟ್ಟಿದುದಲ್ಲ, ದೂರದ ಸಿರೆಗಳಿಂದ ಕಳಚಿ ರಕ್ತಪ್ರವಾಹದೊಡನೆ ಬಂದುದೆಂಬುದನ್ನು ಜರ್ಮನಿಯ ರುಡಾಲ್ಫ್ ವಿರ್ಚೋ 1846ರಿಂದ ಮೊದಲ್ಗೊಂಡು ಶವಪರೀಕ್ಷೆಗಳಿಂದಲೂ ಪ್ರಾಣಿಪ್ರಯೋಗಗಳಿಂದಲೂ ಸ್ಥಾಪಿಸಿದನು. ದೇಹದಲ್ಲಿ ಅಡಗಿರುವ ಅರ್ಬುದಕ್ಕೆ ಸಿರೆಯ ಹೆಪ್ಪು ಸೂಚಕವಾಗಬಹುದೆಂದು ಪ್ಯಾರಿಸ್ಸಿನ ಅರ್ಮಾಂ ಟ್ರೂಸೋ 1865ರಲ್ಲಿ ಬೋಧಿಸಿದನು. ಬಳಿಕ ಆ ಚಿಹ್ನೆ ಆತನ ಮೈಯಲ್ಲಿಯೇ ತೋರಿತು. ಅದರ ಅರ್ಥವನ್ನು ತಾನೇ ಗ್ರಹಿಸಿದ ಆತನು 1867ರಲ್ಲಿ ಜಠರದ ಅರ್ಬುದದಿಂದ ಮೃತನಾದನು. ಶಯ್ಯಾವಿಶ್ರಾಂತಿಯೇ ಪರಮೌಷಧವೆಂಬ ನಂಬುಗೆಯನ್ನು ಇಂಗ್ಲೆಂಡಿನ ರಿಚರ್ಡ್ ಆಷರ್ 1947ರಲ್ಲಿ ಪ್ರಶ್ನಿಸಿ, ಮಲಗಿಸಿಡುವುದರ ಕೇಡುಗಳಲ್ಲಿ ಸಿರೆಯ ಹೆಪ್ಪನ್ನೂ ಎಣಿಸಿದನು.

ಈ ಬಿಡಿಬಿಡಿಯಾದ ಅನುಭವಗಳನ್ನು ಒಂದು ಗಣನೆಗೆ ತಂದವರಲ್ಲಿ ಇಟಲಿಯ ಪಾಡುವಾ ನಗರದ ವೈದ್ಯರು ಪ್ರಮುಖರು. ರೋಗಗಳ ನೆಲೆಗಳನ್ನು ಶವಗಳಲ್ಲಿ ಅರಸಿ 1761ರಲ್ಲಿ ಮಹಾಗ್ರಂಥವನ್ನು ಪ್ರಕಟಿಸಿದ ಮೊರ್ಗಾನ್ಯಿ ಅಧ್ಯಾಪಕನಾಗಿದ್ದುದೂ ಇದೇ ಪಾಡುವಾದಲ್ಲಿ. 2010ರಲ್ಲಿ ಹೊರಬಂದ ಈ ಗಣನೆಯಲ್ಲಿ 11 ಅಂಶಗಳಿವೆ. ಅರ್ಬುದ, ಹಿಂದೊಮ್ಮೆ ಆಗಿದ್ದ ಹೆಪ್ಪು, ಚಲನೆಯ ಕುಂದು, ರಕ್ತವು ಹೆಪ್ಪುಗಟ್ಟುವ ವಿಶೇಷ ಪ್ರವೃತ್ತಿ, ಇವಕ್ಕೆ ತಲಾ 3. ಇತ್ತೀಚಿನ ಪೆಟ್ಟು ಅಥವಾ ಶಸ್ತ್ರಚಿಕಿತ್ಸೆಗೆ 2. 70 ತುಂಬಿದ ವಯಸ್ಸು ಮೊದಲಾದ ಉಳಿದವಕ್ಕೆ ತಲಾ 1. ಮೊತ್ತವು 4ನ್ನು ಮುಟ್ಟಿದರೆ ಅಪಾಯ ಅಧಿಕವೆಂದು ಭಾವಿಸಬೇಕು. ಪರಿಶೀಲಿತರಾದ 1180 ರೋಗಿಗಳ ಪೈಕಿ, ಅಧಿಕಾಪಾಯವಿದ್ದೂ ತಕ್ಕ ಪ್ರತಿಬಂಧಕೌಷಧ ದೊರೆಯದವರಲ್ಲಿ ನೂರಕ್ಕೆ 11ರಷ್ಟು, ದೊರೆತವರಲ್ಲಿ 2.2ರಷ್ಟು, ಅಲ್ಪಾಪಾಯದವರಲ್ಲಿ 0.3ರಷ್ಟು ಮಂದಿಗೆ 90 ದಿನಗಳೊಳಗೆ ಹೆಪ್ಪಿನ ಬಾಧೆ ಕಂಡಿತು. ಟ್ರೂಸೋ ಗುರುತಿಸಿದ ಅರ್ಬುದಕ್ಕೂ ಆಷರ್ ಎಚ್ಚರಿಸಿದ ನಿಶ್ಚಲತೆಗೂ ಇಲ್ಲಿ ಗರಿಷ್ಠ ಅಂಕವೇ ಸಂದಿರುವುದು ಗಮನಾರ್ಹ. ಹೊಸತಾದುದು ಲಕ್ಷಣಗಳಲ್ಲ, ಅವುಗಳ ತೂಕ.

ಎಲ್ಲರಿಗೂ ಔಷಧವನ್ನು ಕೊಟ್ಟರೆ ಸಾಲದೇ, ಗಣನೆಯೇಕೆ ಎಂಬ ಆಕ್ಷೇಪಕ್ಕೆ ಉತ್ತರ ಸ್ಪಷ್ಟ. ಹೆಪ್ಪನ್ನು ತಡೆಯುವ ಔಷಧವೇ ರಕ್ತಸ್ರಾವಕ್ಕೂ ಕಾರಣವಾಗಬಲ್ಲುದು. ಆದಕಾರಣವೇ 2011ರಲ್ಲಿ ಸ್ರಾವದ ಅಪಾಯಕ್ಕೂ ಪ್ರತ್ಯೇಕ ಗಣನೆಯೊಂದು ಪ್ರಕಟವಾಯಿತು. ಆದರೂ ಪಾಡುವಾದ ಅಂಕಗಳು ಒಂದೇ ಆಸ್ಪತ್ರೆಯ ಅನುಭವದಿಂದ ಹುಟ್ಟಿದವು. ಅಲ್ಲಿ ಔಷಧವನ್ನು ಕೊಡುವ ನಿರ್ಧಾರವೂ ಆಯಾ ವೈದ್ಯರದೇ ಆಗಿದ್ದಿತು. ಗಣನೆಯು ಸಮುದಾಯದ ಗತಿಯನ್ನು ತಿಳಿಸುತ್ತದೆ. ಎದುರಿಗೆ ಮಲಗಿರುವ ಒಬ್ಬ ರೋಗಿಯ ವಿಚಾರದಲ್ಲಿ ಎರಡು ಅಪಾಯಗಳನ್ನೂ ತೂಗಿನೋಡುವ ಹೊಣೆ ವೈದ್ಯನದೇ.