ಬಿಳಿ ರಕ್ತಕಣಗಳ ಬಗೆ, ಕಾರ್ಯ ಮತ್ತು ವಿಕೃತಿ: ಒಟ್ಟು ಎಣಿಕೆಯ ಮಿತಿ, ರಕ್ತಲೇಪದ ಅಗತ್ಯ

ಸಾರಾಂಶ

ಬಿಳಿ ರಕ್ತಕಣಗಳ ಒಟ್ಟು ಸಂಖ್ಯೆಯೊಂದನ್ನೇ ನೋಡಿ ರೋಗ ನಿರ್ಣಯಿಸುವ ರೂಢಿ ಸರಿಯಲ್ಲ ಎಂಬುದು ಈ ಲೇಖನದ ವಾದ. ಮಂಗನ ಕಾಯಿಲೆ, ಉಷ್ಣವಲಯದ ಇಯೊಸಿನೊಫಿಲಿಯಾ ಮತ್ತು ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ಮೂರು ನಿದರ್ಶನಗಳ ಮೂಲಕ ಬಗೆವಾರು ಎಣಿಕೆ ಮತ್ತು ರಕ್ತಲೇಪದ ಮಹತ್ವವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪೀಠಿಕೆ

ಹುಬ್ಬಳ್ಳಿಯ ಅಂಚಿನ ಗಬ್ಬೂರದಲ್ಲಿ ಬೇಸಾಯದ ಬದುಕೂ ಹೆದ್ದಾರಿಯ ದಟ್ಟಣೆಯೂ ಒಟ್ಟಿಗಿವೆ. ಧಾರವಾಡದ ನರೇಂದ್ರದತ್ತ ಸಾಗುವ ಬೈಪಾಸ್ ರಸ್ತೆ ಇಲ್ಲಿಂದಲೇ ಹೊರಡುತ್ತದೆ. ಇಂಥ ಊರುಗಳಲ್ಲಿ ಜ್ವರ ಬಿಡದಿದ್ದರೆ ಜನ ಲ್ಯಾಬಿನಲ್ಲಿ ರಕ್ತ ಕೊಟ್ಟು, ವರದಿ ಹಿಡಿದು ವೈದ್ಯರ ಬಳಿ ಹೋಗುತ್ತಾರೆ. ಕಾಯಿಲೆ ಬಿಗಡಾಯಿಸಿದರೆ 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಅಂದರೆ ಜನರ ಬಾಯಲ್ಲಿನ ಕಿಮ್ಸ್, ಅವರಿಗೆ ಆಸರೆ. ವರದಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಿಳಿ ಕಣಗಳ ಒಟ್ಟು ಸಂಖ್ಯೆ. ವಯಸ್ಕರಲ್ಲಿ ಅದು ಸಾಮಾನ್ಯವಾಗಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ 4,000ದಿಂದ 11,000. “ಬಿಳಿ ರಕ್ತ ಹೆಚ್ಚಾಗೇತಿ” ಎಂಬ ಮನೆಯವರ ಆತಂಕ ಹುಟ್ಟುವುದು ಈ ಒಂದು ಅಂಕಿಯಿಂದಲೇ.

ಬಗೆ ಮತ್ತು ಕಾರ್ಯ

ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತವನ್ನು ತೆಳುವಾಗಿ ಎಳೆದು ರಕ್ತಲೇಪ ಮಾಡಿ, ಒಣಗಿಸಿ, ಲೀಶ್ಮನ್ ಬಣ್ಣ ಹಾಕಿ, ಎಣ್ಣೆ ಮಸೂರದಡಿ ನೋಡಿದರೆ ಐದು ಬಗೆಯ ಕಣಗಳು ಕಾಣುತ್ತವೆ. ಎರಡರಿಂದ ಐದು ಹಾಲೆಗಳ ಕೋಶಕೇಂದ್ರವುಳ್ಳವು ನ್ಯೂಟ್ರೋಫಿಲ್‌ಗಳು. ವಯಸ್ಕರ ಬಿಳಿ ಕಣಗಳಲ್ಲಿ ಇವೇ ಹೆಚ್ಚು, ಶೇ. 40ರಿಂದ 75. ಬ್ಯಾಕ್ಟೀರಿಯಾ ಸೋಂಕಾದ ಕಡೆಗೆ ಮೊದಲು ಧಾವಿಸಿ ಅವುಗಳನ್ನು ನುಂಗುವುದು ಇವುಗಳ ಕೆಲಸ. ಕಿತ್ತಳೆ ಬಣ್ಣದ ದಪ್ಪ ಹರಳುಗಳಿಂದ ತುಂಬಿದ ಇಯೊಸಿನೊಫಿಲ್‌ಗಳು ಹುಳುಗಳ ವಿರುದ್ಧ ಹೋರಾಡುತ್ತವೆ, ಅಲರ್ಜಿಯಲ್ಲೂ ಹೆಚ್ಚುತ್ತವೆ. ಬೇಸೊಫಿಲ್‌ಗಳು ಶೇ. 1ನ್ನು ದಾಟುವುದು ಅಪರೂಪ. ಅವುಗಳ ಕಡುನೀಲಿ ಹರಳುಗಳಲ್ಲಿ ಹಿಸ್ಟಮಿನ್ ಇರುತ್ತದೆ. ದುಂಡು ಕೋಶಕೇಂದ್ರದ ಲಿಂಫೋಸೈಟ್‌ಗಳಲ್ಲಿ ಬಿ ಕಣಗಳು ಪ್ರತಿಕಾಯ ತಯಾರಿಕೆಗೆ ಮೂಲವಾದರೆ, ಟಿ ಕಣಗಳು ವೈರಾಣು ಹೊಕ್ಕ ಜೀವಕೋಶಗಳನ್ನು ನಾಶಮಾಡುತ್ತವೆ. ಮೊನೊಸೈಟ್‌ಗಳು ಅಂಗಾಂಶ ಸೇರಿ ಮ್ಯಾಕ್ರೋಫೇಜ್‌ಗಳಾಗುತ್ತವೆ.

ಕಣಗಳನ್ನು ಬಣ್ಣದಿಂದ ವಿಂಗಡಿಸುವ ಮಾರ್ಗ ತೋರಿದವರು ಪೌಲ್ ಎರ್ಲಿಶ್. ಕಣಗಳು ಸೂಕ್ಷ್ಮಾಣುಗಳನ್ನು ನುಂಗುವ ಕ್ರಿಯೆಯನ್ನು ವಿವರಿಸಿದವರು ಇಲ್ಯಾ ಮೆಚ್ನಿಕೋಫ್. 1908ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು.

ಇಳಿಕೆ: ಮಂಗನ ಕಾಯಿಲೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದರು. ಉಣ್ಣೆಗಳಿಂದ ಹರಡುವ ಹೊಸ ವೈರಾಣು ಇದಕ್ಕೆ ಕಾರಣವೆಂದು ಗೊತ್ತಾಯಿತು. ಈ ರೋಗದ ಮೊದಲ ಹಂತದಲ್ಲಿ ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿಯುತ್ತವೆ. ಡೆಂಗಿಯಲ್ಲಿಯೂ ಹೀಗೆಯೇ. ಟೈಫಾಯ್ಡ್ ಬ್ಯಾಕ್ಟೀರಿಯಾದಿಂದ ಬರುವುದಾದರೂ ಅದರಲ್ಲಿ ಕಣಗಳು ಏರದೆ ಇಳಿಯಬಹುದು. ಆದ್ದರಿಂದ ತೀವ್ರ ಜ್ವರವಿದ್ದೂ ಬಿಳಿ ಕಣ ಹೆಚ್ಚಿಲ್ಲವೆಂದು ನಿಶ್ಚಿಂತರಾಗಿರುವುದು ಅಪಾಯ. ಕ್ಯಾನ್ಸರ್ ಔಷಧ ಪಡೆಯುತ್ತಿರುವವರಲ್ಲಿ ನ್ಯೂಟ್ರೋಫಿಲ್‌ಗಳು 500ಕ್ಕಿಂತ ಕೆಳಗಿಳಿದು ಜ್ವರ ಬಂದರೆ, ಅದು ತಕ್ಷಣ ಆಸ್ಪತ್ರೆ ಸೇರಬೇಕಾದ ತುರ್ತು ಸ್ಥಿತಿ.

ಮರೆಯಾದ ಏರಿಕೆ: ಇಯೊಸಿನೊಫಿಲಿಯಾ

ಇಬ್ಬರು ರೋಗಿಗಳ ಒಟ್ಟು ಎಣಿಕೆ ತಲಾ 9,000 ಎಂದಿಟ್ಟುಕೊಳ್ಳೋಣ. ಒಬ್ಬರಲ್ಲಿ ಇಯೊಸಿನೊಫಿಲ್ ಶೇ. 4, ಅಂದರೆ 360. ಇದು ಸಹಜ. ಇನ್ನೊಬ್ಬರಲ್ಲಿ ಶೇ. 40, ಅಂದರೆ 3,600. ಸಹಜ ಮಿತಿ 500. ಒಟ್ಟು ಸಂಖ್ಯೆ ಇಬ್ಬರನ್ನೂ ಆರೋಗ್ಯವಂತರೆನ್ನುತ್ತದೆ. ಎರಡನೆಯವರು ಬರಿಗಾಲಲ್ಲಿ ಹೊಲದ ಕೆಲಸ ಮಾಡುವವರಾದರೆ ಕೊಕ್ಕೆಹುಳುವಿನ ಶಂಕೆ ಮೂಡಬೇಕು. ರಾತ್ರಿ ಕೆಮ್ಮು, ಉಬ್ಬಸವಿದ್ದರೆ ಆನೆಕಾಲು ರೋಗದ ಹುಳುಗಳಿಂದ ಬರುವ ಶ್ವಾಸಕೋಶದ ಇಯೊಸಿನೊಫಿಲಿಯಾವನ್ನೂ ನೆನೆಯಬೇಕು. ಅದನ್ನು ಕ್ಷಯವೆಂದೋ ಆಸ್ತಮಾ ಎಂದೋ ತಪ್ಪಾಗಿ ತಿಳಿಯುವುದುಂಟು.

ಕೋಲಾರ ಜಿಲ್ಲೆಗೆ ಸಮೀಪದ ಮದನಪಲ್ಲಿಯ ಕ್ಷಯರೋಗ ಆಸ್ಪತ್ರೆಯಲ್ಲಿ ಫ್ರಿಮೋಟ್-ಮೊಲ್ಲರ್ ಮತ್ತು ಬಾರ್ಟನ್ 1940ರಲ್ಲಿ ವರ್ಣಿಸಿದ್ದು ಕ್ಷಯವನ್ನೇ ಹೋಲುವ ಈ ಸ್ಥಿತಿಯನ್ನು. 1943ರಲ್ಲಿ ವೈನ್‌ಗಾರ್ಟನ್ ಇದನ್ನು ಉಷ್ಣವಲಯದ ಇಯೊಸಿನೊಫಿಲಿಯಾ ಎಂದು ಕರೆದರು. ಇದರ ಚಿಕಿತ್ಸೆಗೆ ಬಳಸುವ ಡೈಈಥೈಲ್ ಕಾರ್ಬಮಜೀನ್ ಹೊರಬಂದದ್ದು ಯಲ್ಲಾಪ್ರಗಡ ಸುಬ್ಬರಾವ್ ಮುನ್ನಡೆಸುತ್ತಿದ್ದ ಲೆಡರ್ಲೆ ಪ್ರಯೋಗಾಲಯದಿಂದ. ಸಿಡ್ನಿ ಫಾರ್ಬರ್ ಮಕ್ಕಳ ಲ್ಯುಕೇಮಿಯಾಗೆ ಬಳಸಿದ ಅಮಿನಾಪ್ಟೆರಿನ್ ಕೂಡ ಅದೇ ತಂಡದ ಕೊಡುಗೆ.

ಮಿತಿಮೀರಿದ ಏರಿಕೆ: ಲ್ಯುಕೇಮಿಯಾ

ಎಣಿಕೆ 50,000 ದಾಟಿದ ಕೂಡಲೇ ಕ್ಯಾನ್ಸರ್ ಎನ್ನಲಾಗದು. ತೀವ್ರ ಸೋಂಕಿನಲ್ಲೂ ಅಷ್ಟು ಏರಬಹುದು. ಆಗ ನ್ಯೂಟ್ರೋಫಿಲ್‌ಗಳಲ್ಲಿ ಗಾಢವಾದ ವಿಷಹರಳುಗಳು ಕಾಣಿಸುತ್ತವೆ. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದ ಲೇಪದಲ್ಲಾದರೋ ಎಲ್ಲ ಹಂತಗಳ ಎಳೆಯ ಕಣಗಳೂ ಕಾಣುತ್ತವೆ, ಬೇಸೊಫಿಲ್‌ಗಳು ಹೆಚ್ಚಿರುತ್ತವೆ, ರೋಗಿಯ ಗುಲ್ಮ ಊದಿರುತ್ತದೆ. 1960ರಲ್ಲಿ ಪತ್ತೆಯಾದ ಫಿಲಡೆಲ್ಫಿಯಾ ಕ್ರೋಮೋಸೋಮ್ ಇದರ ಗುರುತು. 2001ರಲ್ಲಿ ಬಂದ ಇಮ್ಯಾಟಿನಿಬ್ ಮಾತ್ರೆ ಈ ರೋಗಿಗಳ ಆಯುಷ್ಯವನ್ನೇ ಬದಲಿಸಿತು. ಶಂಕೆ ಬಂದವರನ್ನು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಬೇಗ ಕಳಿಸಿದಷ್ಟೂ ಲಾಭ. ತೀವ್ರ ಲ್ಯುಕೇಮಿಯಾದಲ್ಲಿ ಒಟ್ಟು ಎಣಿಕೆ ಸಹಜವಾಗಿಯೋ ಕಡಿಮೆಯಾಗಿಯೋ ಇರಬಹುದು. ಲೇಪದಲ್ಲಿ ಒಂದು ಬ್ಲಾಸ್ಟ್ ಕಣ, ಅಂದರೆ ತೀರಾ ಎಳೆಯ ಕಣ, ಕಂಡರೂ ಅಸ್ಥಿಮಜ್ಜೆಯ ಪರೀಕ್ಷೆಯ ಬಗ್ಗೆ ಯೋಚಿಸಬೇಕು.

ಉಪಸಂಹಾರ

ಯಂತ್ರದ ಎಣಿಕೆ ವೇಗವಾದದ್ದು, ಅಗತ್ಯವಾದದ್ದು. ಆದರೆ ಎಳೆಯ ಕಣ, ವಿಷಹರಳು, ಬ್ಲಾಸ್ಟ್‌ಗಳ ಬಗ್ಗೆ ಅದು ಎಚ್ಚರಿಕೆ ಕೊಡಬಲ್ಲದೇ ಹೊರತು, ಖಚಿತಪಡಿಸಲು ನುರಿತ ಕಣ್ಣೇ ಬೇಕು. ಆದ್ದರಿಂದ ಎರಡು ಕ್ರಮಗಳು ನಮ್ಮ ಲ್ಯಾಬುಗಳಲ್ಲಿ ರೂಢಿಯಾಗಬೇಕು. ಪ್ರತಿ ಬಗೆಯ ಕಣದ ಶೇಕಡಾವಾರಿನ ಜೊತೆಗೆ ಅದರ ನಿಜ ಸಂಖ್ಯೆಯನ್ನೂ ವರದಿಯಲ್ಲಿ ಬರೆಯಬೇಕು. ಯಂತ್ರ ಎಚ್ಚರಿಸಿದಾಗ, ಜ್ವರ ವಾರ ದಾಟಿದಾಗ, ಗುಲ್ಮ ಊದಿದಾಗ ರಕ್ತಲೇಪವನ್ನು ಕಡ್ಡಾಯವಾಗಿ ನೋಡಬೇಕು. ಇದಕ್ಕೆ ಬೇಕಿರುವುದು ಒಂದು ಗಾಜಿನ ಪಟ್ಟಿ, ಒಂದಿಷ್ಟು ಬಣ್ಣ, ಒಂದು ಸೂಕ್ಷ್ಮದರ್ಶಕ ಮತ್ತು ತರಬೇತಿ ಪಡೆದ ತಂತ್ರಜ್ಞರು. ತಾಲ್ಲೂಕು ಮಟ್ಟದಲ್ಲಿ ಈ ತರಬೇತಿಗೆ ಆರೋಗ್ಯ ಇಲಾಖೆ ಮತ್ತು ವೈದ್ಯಕೀಯ ಕಾಲೇಜುಗಳು ಆದ್ಯತೆ ನೀಡಬೇಕು.