ಅರಸನೆದುರು ನಿಂತ ಪ್ರವಾದಿ



ವೃತ್ತಿಯಿಂದ ವೈದ್ಯರಾದ ನಮ್ಮನ್ನು ಕೂಟದವರು ಮಾತಿಗೆ ಕರೆದಾಗ, ರಕ್ತದೊತ್ತಡದ ಬಗೆಗೋ ಸಕ್ಕರೆ ಕಾಯಿಲೆಯ ಬಗೆಗೋ ಉಪನ್ಯಾಸವನ್ನು ತಾವು ನಿರೀಕ್ಷಿಸಿದ್ದರೆ ಅದು ಸಹಜವೇ. ಆದರೆ ಆ ಮಾತುಗಳನ್ನು ನಿಮ್ಮಲ್ಲಿ ಅನೇಕರು ನಮ್ಮ ಕ್ಲಿನಿಕ್ಕಿನಲ್ಲಿಯೇ ಬೇಕಾದಷ್ಟು ಕೇಳಿ ದಣಿದಿದ್ದೀರಿ. ಇಂದು ನಮ್ಮ ಬಿಡುವಿನ ಓದಿಗೆ ಸೇರಿದ ಒಂದು ವಿಷಯವನ್ನು ತಮ್ಮ ಮುಂದಿಡಲು ಬಯಸುತ್ತೇವೆ: ಪ್ರಾಚೀನ ಹೀಬ್ರೂ ಜನರ ಅರಸರು ಮತ್ತು ಆ ಅರಸರ ಎದುರು ನಿಂತ ಪ್ರವಾದಿಗಳು. ಹೆಸರುಗಳನ್ನು ಕನ್ನಡ ಬೈಬಲಿನಲ್ಲಿರುವಂತೆಯೇ ಬಳಸುತ್ತೇವೆ. ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಎಂಬ ಮಿಷನರಿಯ ಶ್ರಮದಿಂದ 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಆ ಗ್ರಂಥ ಕನ್ನಡಕ್ಕೆ ಬಂದಿತ್ತು. ಹೀಗಾಗಿ ಈ ಅರಸರು ಕನ್ನಡ ಮಾತನಾಡತೊಡಗಿ ಹೆಚ್ಚುಕಡಿಮೆ ಇನ್ನೂರು ವರ್ಷಗಳಾಗುತ್ತ ಬಂದವು.

ನಮಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ. ಅಲ್ಲಿ ಆಳೆತ್ತರದ ಕರಿಯ ಶಿಲಾಸ್ತಂಭವೊಂದಿದೆ. ಲೇಯರ್ಡ್ ಎಂಬಾತ 1846ರಲ್ಲಿ ಇಂದಿನ ಇರಾಕಿನ ನಿಮ್ರೂದ್‌ನಲ್ಲಿ ಅಗೆದು ತೆಗೆದದ್ದು. ಅದರ ಒಂದು ಪಟ್ಟಿಕೆಯಲ್ಲಿ ಅಶ್ಶೂರದ ಚಕ್ರವರ್ತಿ ಮೂರನೆಯ ಶಲ್ಮನೇಸರನ ಪಾದದ ಬಳಿ ಒಬ್ಬನು ಹಣೆಯನ್ನು ನೆಲಕ್ಕೆ ಹಚ್ಚಿ ಬಿದ್ದಿದ್ದಾನೆ. ಅವನು ಇಸ್ರಾಯೇಲಿನ ಅರಸ ಯೇಹು. ಅಥವಾ, ಕೆಲವು ವಿದ್ವಾಂಸರು ಹೇಳುವಂತೆ, ಅವನ ದೂತ. ಕ್ರಿ.ಪೂ. 841ರ ಕಪ್ಪಕಾಣಿಕೆಯ ದೃಶ್ಯ ಅದು. ಶಾಸನವು ಯೇಹುವನ್ನು ‘ಒಮ್ರಿಯ ಮಗ’ ಎಂದು ಕರೆಯುತ್ತದೆ. ವಿನೋದವೆಂದರೆ ಒಮ್ರಿಯ ವಂಶವನ್ನು ಬುಡಸಹಿತ ಕಿತ್ತು ಸಿಂಹಾಸನವೇರಿದವನೇ ಈ ಯೇಹು! ಅಶ್ಶೂರದ ಗುಮಾಸ್ತನಿಗೆ ಅದರ ಗೊಡವೆ ಇರಲಿಲ್ಲ.

ಆ ಸ್ತಂಭದಲ್ಲಿ ಶಲ್ಮನೇಸರನ ಸೋಲೊಂದನ್ನೂ ನಾವು ಕಾಣೆವು, ತಪ್ಪೊಂದನ್ನೂ ಕಾಣೆವು. ಪ್ರಶಸ್ತಿಶಾಸನಗಳ ನಾಡಿನಿಂದ ಬಂದ ನಮಗೆ ಇದು ಹೊಸದಲ್ಲ. ಕವಿಗೆ ದತ್ತಿ ಕೊಟ್ಟ ಅರಸನ ದೋಷವನ್ನು ಕಲ್ಲಿನಲ್ಲಿ ಕೆತ್ತಿಸುವವರು ಯಾರು? ಆದರೆ ಹೀಬ್ರೂ ಜನರ ಅರಸರ ವೃತ್ತಾಂತವನ್ನು ಓದತೊಡಗಿದಾಗ ಬೆರಗಾಯಿತು. ಅಲ್ಲಿ ಅರಸರ ಪಾಪಗಳೇ ಮುಖ್ಯ, ಪರಾಕ್ರಮ ಪಕ್ಕದ ಮಾತು. ಸ್ವಂತ ಅರಸರನ್ನು ಹೀಗೆ ನಡೆಸಿಕೊಂಡ ಇತಿಹಾಸಗ್ರಂಥ ಪ್ರಾಚೀನ ಪಶ್ಚಿಮ ಏಷ್ಯಾದಲ್ಲಿ ಬೇರೊಂದು ದೊರೆಯುವುದು ಕಷ್ಟ.

ಕ್ರಿ.ಪೂ. 1000ದ ಸುಮಾರಿನ ದಾವೀದನನ್ನೇ ನೋಡಿ. ವಂಶಸ್ಥಾಪಕ, ವೀರ, ಜನರ ಕಣ್ಮಣಿ. ಅವನು ತನ್ನ ಸೈನ್ಯದ ಊರೀಯನ ಪತ್ನಿ ಬತ್ಷೆಬೆಯನ್ನು ಅರಮನೆಗೆ ಕರೆಸಿಕೊಂಡ. ಆಕೆ ಗರ್ಭಿಣಿಯಾದಾಗ, ಊರೀಯನನ್ನು ಕಾಳಗದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯಿಸುವಂತೆ ಸೇನಾಪತಿಗೆ ಪತ್ರ ಬರೆದ. ಆ ಪತ್ರವನ್ನು ಹೊತ್ತೊಯ್ದವನು ಊರೀಯನೇ. ಆಗ ನಾತಾನನೆಂಬ ಪ್ರವಾದಿ ಬಂದು ಅರಸನಿಗೆ ಒಂದು ವ್ಯಾಜ್ಯವನ್ನು ನಿವೇದಿಸಿದ: ಮಂದೆ ಮಂದೆ ಕುರಿಗಳಿದ್ದ ಧನಿಕನೊಬ್ಬ ಅತಿಥಿಯ ಊಟಕ್ಕಾಗಿ, ಬಡವನು ಮಗಳಂತೆ ಸಾಕಿದ್ದ ಒಂದೇ ಒಂದು ಮರಿಯನ್ನು ಕಿತ್ತುಕೊಂಡು ಕೊಯ್ದನಂತೆ. ದಾವೀದ ಕೆರಳಿ, ಅಂಥವನಿಗೆ ಮರಣವೇ ತಕ್ಕುದೆಂದ. ಆ ಧನಿಕ ಬೇರಾರೂ ಅಲ್ಲ, ಸಿಂಹಾಸನದ ಮೇಲೆ ಕುಳಿತವನೇ ಎಂದು ನಾತಾನ ತಿಳಿಸಿದ. ಅರಸನು ನಾತಾನನ ತಲೆ ತೆಗೆಸಲಿಲ್ಲ, ತಪ್ಪೊಪ್ಪಿಕೊಂಡ.

ದಾವೀದನೆಂಬವನು ಇದ್ದನೇ ಎಂದು ಸಂಶಯಪಟ್ಟ ವಿದ್ವಾಂಸರಿದ್ದರು. 1993ರಲ್ಲಿ ಉತ್ತರ ಇಸ್ರೇಲಿನ ತೇಲ್ ದಾನ್‌ನಲ್ಲಿ ದೊರೆತ ಅರಾಮಿಕ್ ಶಾಸನದ ತುಂಡಿನಲ್ಲಿ, ಕ್ರಿ.ಪೂ. 9ನೆಯ ಶತಮಾನದ ಶತ್ರುರಾಜನೊಬ್ಬ ‘ದಾವೀದನ ಮನೆತನ’ವನ್ನು ಹೆಸರಿಸಿದ್ದಾನೆ. ವಂಶವಿತ್ತೆಂಬುದಕ್ಕೆ ಅದು ಸಾಕ್ಷಿ. ಬತ್ಷೆಬೆಯ ಪ್ರಸಂಗಕ್ಕೆ ಕಲ್ಲಿನ ಸಾಕ್ಷಿ ಇಲ್ಲ, ಇರಲಾರದು. ಆದರೆ ಅಂಥ ಕಥೆಯನ್ನು ಅದೇ ವಂಶದ ನೆರಳಿನಲ್ಲಿ ಬಾಳಿದ ಲಿಪಿಕಾರರು ಅಳಿಸದೆ ಉಳಿಸಿದರಲ್ಲ, ಅದು ನಮ್ಮನ್ನು ಕಾಡುವ ಸಂಗತಿ.

ದಾವೀದನ ಮಗ ಸೊಲೊಮೋನನ ತರುವಾಯ, ಕ್ರಿ.ಪೂ. 930ರ ಸುಮಾರಿಗೆ, ರಾಜ್ಯ ಎರಡಾಯಿತು. ಉತ್ತರದ್ದು ಇಸ್ರಾಯೇಲ್, ದಕ್ಷಿಣದ್ದು ಯೆಹೂದ. ಉತ್ತರದಲ್ಲಿ ಸಮಾರ್ಯ ಪಟ್ಟಣವನ್ನು ಕಟ್ಟಿದ ಒಮ್ರಿ ಎಷ್ಟು ಪ್ರತಾಪಿಯೆಂದರೆ, ಅವನ ವಂಶ ಅಳಿದ ಮೇಲೂ ಅಶ್ಶೂರದವರು ಆ ದೇಶವನ್ನು ಒಮ್ರಿಯ ಮನೆ ಎಂದೇ ಕರೆಯುತ್ತಿದ್ದರು. ಬೈಬಲು ಅವನನ್ನು ಕೆಲವೇ ಸಾಲುಗಳಲ್ಲಿ ಮುಗಿಸಿಬಿಡುತ್ತದೆ. ಅವನ ಮಗ ಅಹಾಬ ಕ್ರಿ.ಪೂ. 853ರಲ್ಲಿ ಕರ್ಕರ್ ಎಂಬಲ್ಲಿ ಅಶ್ಶೂರವನ್ನು ಎದುರಿಸಿದ ಮಿತ್ರಕೂಟಕ್ಕೆ 2,000 ರಥಗಳನ್ನೂ 10,000 ಕಾಲಾಳುಗಳನ್ನೂ ತಂದನೆಂದು ಸ್ವತಃ ಶಲ್ಮನೇಸರನ ಶಾಸನವೇ ಹೇಳುತ್ತದೆ. ಅಂಕಿಗಳಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ಅಹಾಬ ಸಣ್ಣವನಲ್ಲ. ಬೈಬಲಿನಲ್ಲಿ ಈ ಯುದ್ಧದ ಸುಳಿವೇ ಇಲ್ಲ! ಅಲ್ಲಿರುವುದು ಒಂದು ದ್ರಾಕ್ಷಿತೋಟದ ಕಥೆ. ಅರಮನೆಯ ಪಕ್ಕದಲ್ಲಿದ್ದ ಆ ತೋಟವನ್ನು, ಪಿತ್ರಾರ್ಜಿತವಾದುದನ್ನು ಮಾರುವುದಿಲ್ಲವೆಂದು ನಾಬೋತನೆಂಬ ರೈತ ಅರಸನಿಗೆ ಕೊಡಲೊಪ್ಪಲಿಲ್ಲ. ರಾಣಿ ಈಜೆಬೆಲಳು ಅರಸನ ಮುದ್ರೆಯೊತ್ತಿ ಪತ್ರ ಕಳುಹಿಸಿ, ಇಬ್ಬರು ಸುಳ್ಳುಸಾಕ್ಷಿಗಳನ್ನು ನಿಲ್ಲಿಸಿ, ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು. ತೋಟದ ಸ್ವಾಧೀನಕ್ಕೆ ಬಂದ ಅರಸನಿಗೆ ಎದುರಾದವನು ಪ್ರವಾದಿ ಎಲೀಯ. ಎರಡು ಸಾವಿರ ರಥಗಳು ಒಂದು ಕಡೆ, ಒಬ್ಬ ರೈತನ ತೋಟ ಒಂದು ಕಡೆ. ಈ ಚರಿತ್ರಕಾರರು ತೋಟವನ್ನು ಆರಿಸಿಕೊಂಡರು.

ಮುಂದಿನ ಶತಮಾನದಲ್ಲಿ ಬೇತೇಲಿನ ರಾಜಾಲಯಕ್ಕೆ ಬಂದ ಆಮೋಸನು ದಕ್ಷಿಣದ ತೆಕೋವದವನು, ಕುರಿಗಾಹಿ, ಅತ್ತಿಮರಗಳನ್ನು ನೋಡಿಕೊಳ್ಳುತ್ತಿದ್ದವನು. ದಂತದ ಮಂಚಗಳಲ್ಲಿ ಒರಗಿ, ಬಡವರನ್ನು ಜೋಡು ಚಪ್ಪಲಿಯ ಬೆಲೆಗೆ ಮಾರುವ ಸಿರಿವಂತರನ್ನು ಅವನು ಖಂಡಿಸಿದ. ನಿನ್ನ ದೇಶಕ್ಕೆ ಹೋಗಿ ಅಲ್ಲಿ ಹೊಟ್ಟೆ ಹೊರೆದುಕೋ ಎಂಬರ್ಥದಲ್ಲಿ ಅಲ್ಲಿನ ಅರ್ಚಕ ಅವನನ್ನು ಗದರಿದ. ಪ್ರವಾದನೆ ತನ್ನ ಹೊಟ್ಟೆಪಾಡಿನ ಕಸುಬಲ್ಲ ಎಂಬುದೇ ಆಮೋಸನ ಉತ್ತರ. ಸಮಾರ್ಯದ ಉತ್ಖನನಗಳಲ್ಲಿ ಕೆತ್ತನೆಯ ದಂತದ ತುಣುಕುಗಳು ನೂರಾರು ದೊರೆತಿವೆ. ಆ ಮಂಚಗಳು ಬರಿಯ ಅಲಂಕಾರದ ಮಾತಲ್ಲ. ಕ್ರಿ.ಪೂ. 722ರ ಸುಮಾರಿಗೆ ಸಮಾರ್ಯ ಬಿದ್ದಿತು. 27,290 ಜನರನ್ನು ಸೆರೆಹಿಡಿದು ಸಾಗಿಸಿದೆನೆಂದು ಅಶ್ಶೂರದ ಸರ್ಗೋನನು ಲೆಕ್ಕ ಬರೆಸಿದ್ದಾನೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಗ್ರಂಥಗಳು ಕೊನೆಯ ರೂಪ ಪಡೆದದ್ದು ದಕ್ಷಿಣದವರ ಕೈಯಲ್ಲಿ. ಯೆರೂಸಲೇಮಿನ ದೇವಾಲಯವೊಂದೇ ಅವರ ಅಳತೆಗೋಲು. ಉತ್ತರದ ಯಾವ ಅರಸನೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಒಮ್ರಿಯಂಥ ಸಮರ್ಥನಿಗೆ ಅನ್ಯಾಯವಾಗಿದೆ ಎಂದೇ ನಮ್ಮ ಅಭಿಪ್ರಾಯ.

ದಕ್ಷಿಣದ ಹಿಜ್ಕೀಯನ ಕಾಲದಲ್ಲಿ, ಕ್ರಿ.ಪೂ. 701ರಲ್ಲಿ, ಅಶ್ಶೂರದ ಸನ್ಹೇರೀಬನು ಯೆಹೂದದ 46 ಕೋಟೆಪಟ್ಟಣಗಳನ್ನು ಹಿಡಿದೆನೆಂದೂ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆನೆಂದೂ ಕೊಚ್ಚಿಕೊಂಡ. ಪಟ್ಟಣವನ್ನು ಹಿಡಿದೆನೆಂದು ಮಾತ್ರ ಹೇಳಲಿಲ್ಲ. ಹಿಜ್ಕೀಯನದೆಂದು ಹೇಳಲಾಗುವ ಸುಮಾರು 533 ಮೀಟರ್ ಉದ್ದದ ನೀರಿನ ಸುರಂಗದಲ್ಲಿ ಇಂದಿಗೂ ನಡೆದುಹೋಗಬಹುದು. ವೈದ್ಯರಾಗಿ ಇನ್ನೊಂದನ್ನು ಬಿಡಲಾರೆವು: ಈ ಅರಸನಿಗೆ ಮಾರಕವಾದ ಕುರು ಎದ್ದಾಗ ಪ್ರವಾದಿ ಯೆಶಾಯನು ಅಂಜೂರದ ಹಣ್ಣನ್ನು ಅರೆದು ಕಟ್ಟಿಸಿದನಂತೆ. ಕುರುವಿಗೆ ಪಟ್ಟು ಹಾಕುತ್ತಿದ್ದ ನಮ್ಮ ಅಜ್ಜಿಯಂದಿರು ಯೆಶಾಯನನ್ನು ತಮ್ಮವನೆಂದೇ ಎಣಿಸುತ್ತಿದ್ದರು.

ಆದರೆ ನಮ್ಮ ಮನಸ್ಸು ಹೆಚ್ಚಾಗಿ ನಿಲ್ಲುವುದು ಯೆರೆಮೀಯನ ಬಳಿ. ಅಶ್ಶೂರ ಕುಸಿದು ಬಾಬೆಲ್ ಮೇಲೆದ್ದ ಕಾಲ. ಬಾಬೆಲಿಗೆ ತಲೆಬಾಗದಿದ್ದರೆ ನಾಡು ಉಳಿಯದು ಎಂದು ಯೆರೆಮೀಯ ಸಾರುತ್ತಲೇ ಬಂದ. ಕ್ರಿ.ಪೂ. 604ರ ಸುಮಾರಿಗೆ ಅವನ ಲಿಪಿಕಾರ ಬಾರೂಕನು ಆ ಮಾತುಗಳ ಸುರುಳಿಯನ್ನು ದೇವಾಲಯದಲ್ಲಿ, ಶಾಫಾನನ ಮಗ ಗೆಮರ್ಯನ ಕೋಣೆಯಲ್ಲಿ, ಜನರಿಗೆ ಓದಿ ಹೇಳಿದ. ಸುರುಳಿ ಅರಮನೆಗೆ ಹೋಯಿತು. ಚಳಿಗಾಲ. ಅರಸ ಯೆಹೋಯಾಕೀಮನ ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಓದುಗನು ಮೂರು ನಾಲ್ಕು ಅಂಕಣ ಓದಿದಂತೆಲ್ಲ ಅರಸನು ಲಿಪಿಕಾರನ ಚೂರಿಯಿಂದ ಅಷ್ಟನ್ನು ಕತ್ತರಿಸಿ ಬೆಂಕಿಗೆ ಹಾಕಿಸಿದ. ಸುಡಬೇಡಿರೆಂದು ಬೇಡಿಕೊಂಡ ಮೂವರಲ್ಲಿ ಗೆಮರ್ಯನೂ ಒಬ್ಬ. ಯೆರೆಮೀಯನು ಎಲ್ಲವನ್ನೂ ಮತ್ತೆ ಹೇಳಿ ಬರೆಯಿಸಿದ, ಇನ್ನಷ್ಟನ್ನು ಸೇರಿಸಿದ!

1982ರಲ್ಲಿ ಯೆರೂಸಲೇಮಿನ ಹಳೆಯ ಬೆಟ್ಟದ ಇಳಿಜಾರಿನಲ್ಲಿ, ಬಾಬೆಲಿನವರು ಪಟ್ಟಣವನ್ನು ಸುಟ್ಟಾಗ ಬಿದ್ದ ಮನೆಯೊಂದರಲ್ಲಿ, ಜೇಡಿಮಣ್ಣಿನ ಐವತ್ತರಷ್ಟು ಮುದ್ರೆಗಳು ಸಿಕ್ಕವು. ಪತ್ರಗಳ ದಾರಕ್ಕೆ ಒತ್ತಿದ್ದ ಮುದ್ರೆಗಳು ಅವು. ಪತ್ರಗಳು ಬೂದಿಯಾಗಿದ್ದವು; ಅದೇ ಬೆಂಕಿಯಲ್ಲಿ ಬೆಂದ ಮಣ್ಣು ಗಟ್ಟಿಯಾಗಿ ಉಳಿದಿತ್ತು. ಒಂದರ ಮೇಲಿನ ಹೆಸರು ಶಾಫಾನನ ಮಗ ಗೆಮರ್ಯ. ಅದೇ ಗೆಮರ್ಯನೆಂಬುದು ಬಹುಮಂದಿ ವಿದ್ವಾಂಸರ ಮತ.

ಯೆರೆಮೀಯನಿಗೆ ಎದುರಾಳಿಗಳೂ ಪ್ರವಾದಿಗಳೇ ಆಗಿದ್ದರು. ಹನನ್ಯನೆಂಬವನು ಎರಡೇ ವರ್ಷಗಳಲ್ಲಿ ಬಾಬೆಲಿನ ನೊಗ ಮುರಿಯುವುದೆಂದು ಸಾರಿ, ಯೆರೆಮೀಯನು ಸಂಕೇತವಾಗಿ ಹೆಗಲಿಗೆ ಹಾಕಿಕೊಂಡಿದ್ದ ಮರದ ನೊಗವನ್ನು ಜನರೆದುರೇ ಮುರಿದ. ಯೆರೆಮೀಯನ ಮೊದಲ ಪ್ರತಿಕ್ರಿಯೆ, ಹಾಗೆಯೇ ಆಗಲಿ ಎಂಬ ಹಾರೈಕೆ. ತನ್ನ ಮಾತು ಸುಳ್ಳಾಗಲಿ ಎಂದು ಅವನಿಗೂ ಆಸೆಯಿತ್ತು. ನಾವು ಎಂಬಿಬಿಎಸ್ ಮುಗಿಸಿ ಈ ದೇಶಕ್ಕೆ ಬಂದು ರೆಸಿಡೆನ್ಸಿ ಮಾಡುತ್ತಿದ್ದ ದಿನಗಳಲ್ಲಿ, ವಾಸಿಯಾಗದ ರೋಗವೆಂದು ಮನೆಯವರಿಗೆ ತಿಳಿಸಲು ಮೊದಲ ಬಾರಿ ಹೋದಾಗ, ಕಾರಿಡಾರಿನಲ್ಲಿ ನಿಂತು ಸ್ಲೈಡುಗಳು ಅದಲುಬದಲಾಗಿರಬಾರದೇ ಎಂದು ಹಂಬಲಿಸಿದ್ದೆವು. ಒಳಗೆ ಹೋಗಿ ‘ನೋಡೋಣ, ಧೈರ್ಯವಾಗಿರಿ’ ಎಂದಷ್ಟೇ ಹೇಳಿ ಹೊರಬಂದೆವು. ಆ ದಿನ ನಾವು ಹನನ್ಯನ ಪಕ್ಷ ಸೇರಿದ್ದೆವು. ಆ ಮನೆಯವರಿಗೆ ಅಮೂಲ್ಯವಾದ ಎರಡು ವಾರಗಳು ನಮ್ಮಿಂದ ಹಾಳಾದವು.

ಕೊನೆಯ ಅರಸ ಚಿದ್ಕೀಯನು ಗುಟ್ಟಾಗಿ ಯೆರೆಮೀಯನನ್ನು ಕರೆಸಿ ಕೇಳುತ್ತಿದ್ದ, ಕೇಳಿದಂತೆ ನಡೆಯಲು ಅಧಿಕಾರಿಗಳಿಗೆ ಅಂಜುತ್ತಿದ್ದ. ಆ ಅಧಿಕಾರಿಗಳು ಪ್ರವಾದಿಯನ್ನು ದೇಶದ್ರೋಹಿಯೆಂದು ಕೆಸರು ತುಂಬಿದ ಬಾವಿಗೆ ಇಳಿಸಿದರು. ಅವನನ್ನು ಉಳಿಸಿದವನು ಅರಮನೆಯ ಊಳಿಗದ ವಿದೇಶಿ, ಕೂಷ್ ದೇಶದ ಎಬೆದ್ಮೆಲೆಕ. ಹಗ್ಗ ಕಂಕುಳನ್ನು ಕೊರೆಯದಂತೆ ಹಳೆಯ ಬಟ್ಟೆಗಳನ್ನು ಒತ್ತಾಗಿಟ್ಟುಕೊಳ್ಳಲು ಹೇಳಿ ಮೇಲೆಳೆಸಿದನಂತೆ. ಕ್ರಿ.ಪೂ. 586ರ ಸುಮಾರಿಗೆ ಪಟ್ಟಣ ಸುಟ್ಟುಹೋಯಿತು. ಚಿದ್ಕೀಯನ ಮಕ್ಕಳನ್ನು ಅವನ ಕಣ್ಣೆದುರೇ ಕೊಂದು, ಅನಂತರ ಅವನ ಕಣ್ಣುಗಳನ್ನು ಕೀಳಿಸಿದರು.

ಅದಕ್ಕೆ ಮೊದಲೇ, ಕ್ರಿ.ಪೂ. 597ರಲ್ಲಿ, ಮೂರು ತಿಂಗಳು ಮಾತ್ರ ಆಳಿದ್ದ ತರುಣ ಯೆಹೋಯಾಖೀನನೊಡನೆ ಒಂದು ದೊಡ್ಡ ತಂಡ ಬಾಬೆಲಿಗೆ ಸೆರೆಹೋಗಿತ್ತು: ಅಧಿಕಾರಿಗಳು, ಕಮ್ಮಾರರು, ಕುಶಲಕರ್ಮಿಗಳು. ಅವರಿಗೆ ಯೆರೆಮೀಯನು ಬರೆದ ಪತ್ರವೊಂದುಂಟು. ನಾಳೆಯೇ ಮರಳುವೆವೆಂದು ಗಂಟು ಕಟ್ಟಿಕೊಂಡು ಕೂರಬೇಡಿ, ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಯಾಗಿ ಬಂದ ಆ ಊರಿನ ಕ್ಷೇಮವನ್ನೇ ಬಯಸಿ ಎಂಬುದು ಅದರ ತಾತ್ಪರ್ಯ. ಬಾಬೆಲಿನಲ್ಲಿದ್ದ ಶೆಮಾಯನೆಂಬವನು ಸಿಟ್ಟಿಗೆದ್ದು, ಇಂಥವನನ್ನು ಇನ್ನೂ ಕೋಳಕ್ಕೆ ಹಾಕಿಲ್ಲವೇಕೆಂದು ಯೆರೂಸಲೇಮಿಗೆ ದೂರು ಬರೆದ. ಪರದೇಶದ ಸಮುದಾಯಗಳಲ್ಲಿ ದೂರಿನ ಪತ್ರಗಳ ಪರಂಪರೆ ಎಷ್ಟು ಹಳೆಯದೆಂದು ತಾವೇ ಗಮನಿಸಬೇಕು! ಅವರು ಸೆರೆಯಾಗಿ ಹೋದವರು, ನಾವು ವೀಸಾ ಹಿಡಿದು ಸ್ವಂತ ಇಚ್ಛೆಯಿಂದ ಬಂದವರು. ಹೋಲಿಕೆಯನ್ನು ಹೆಚ್ಚು ಎಳೆಯುವುದು ಸಲ್ಲದು. ಆದರೂ ಸಾಮಾನು ಬಿಚ್ಚದೆ ಐದು ವರ್ಷ, ಹತ್ತು ವರ್ಷ ಎನ್ನುತ್ತ ಬದುಕಿದ ನಮ್ಮ ಪೀಳಿಗೆಗೆ ಆ ಪತ್ರ ಅಪರಿಚಿತವೆನಿಸದು.

ಆ ಸೆರೆಯವರ ಬಾಳಿನ ಕುರುಹುಗಳು ಬಾಬೆಲಿನ ಮಣ್ಣಿನಲ್ಲೇ ಉಳಿದಿವೆ. ಜರ್ಮನ್ ಉತ್ಖನನದಲ್ಲಿ ದೊರೆತು 1939ರಲ್ಲಿ ಪ್ರಕಟವಾದ ಬೆಣೆಲಿಪಿಯ ಹಲಗೆಗಳಲ್ಲಿ ಯೆಹೂದದ ಅರಸ ಯೆಹೋಯಾಖೀನನಿಗೂ ಅವನ ಐವರು ಗಂಡುಮಕ್ಕಳಿಗೂ ಅರಮನೆಯ ಉಗ್ರಾಣದಿಂದ ಅಳೆದುಕೊಟ್ಟ ಎಣ್ಣೆಯ ಲೆಕ್ಕವಿದೆ. ಒಂದು ಹಲಗೆಯ ಕಾಲ ಕ್ರಿ.ಪೂ. 592. 2014ರಲ್ಲಿ ಇನ್ನೂ ನೂರರಷ್ಟು ಹಲಗೆಗಳು ಪುಸ್ತಕರೂಪದಲ್ಲಿ ಬೆಳಕು ಕಂಡವು. ಅವು ಬಂದದ್ದು ಉತ್ಖನನದಿಂದಲ್ಲ, ಪ್ರಾಚ್ಯವಸ್ತುಗಳ ಮಾರುಕಟ್ಟೆಯ ದಾರಿಯಿಂದ, ಎಂಬುದು ವಿಷಾದದ ವಿಷಯ. ಅವುಗಳಲ್ಲಿ ಕ್ರಿ.ಪೂ. 572ರಿಂದ ಒಂದು ಶತಮಾನದ ಕಾಲ ಅಲ್-ಯಾಹೂದು, ಅಂದರೆ ಯೆಹೂದದವರ ಊರು, ಎಂಬ ಹೆಸರಿನ ಹಳ್ಳಿಯಲ್ಲಿ ಬಾಳಿದವರ ವ್ಯವಹಾರಗಳಿವೆ: ಗೇಣಿ, ಸಾಲ, ತೆರಿಗೆ, ಬಾರ್ಲಿ, ಖರ್ಜೂರ, ಆಸ್ತಿಯ ಪಾಲು. ಭಾಷೆ ಬಾಬೆಲಿನದು, ಲಿಪಿ ಬಾಬೆಲಿನದು, ಬರೆದವನು ಬಾಬೆಲಿನ ಲಿಪಿಕಾರ. ಒಂದು ಹಲಗೆಯಲ್ಲಿ ಮಾತ್ರ, ಹಸಿ ಮಣ್ಣಿನ ಮೇಲೆ, ಹಳೆಯ ಹೀಬ್ರೂ ಅಕ್ಷರಗಳಲ್ಲಿ ‘ಶೆಲೆಮ್ಯ’ ಎಂಬ ಹೆಸರನ್ನು ಯಾರೋ ಗೀಚಿದ್ದಾರೆ.